ಸ್ಟ್ಯಾಂಡಿನ ಕುದುರೆ ಬಯಲಿಗೆ ಬಂದದ್ದು

ಕುದುರೆಗಳ ಗುಂಪಿಗೆ ಹೊಸ ಕುದುರೆಯೊಂದನ್ನು ಸೇರಿಸುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಬಡಾಯಿ ಅಂದುಕೊಂಡರೂ ನನಗೇನೂ ಬೇಸರವಿಲ್ಲ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಆಗುವುದು ಖಾಯಂ, ಹಾಕಿದ ರಂಗೋಲಿ ಒಂದು ಕಡೆ ವಾಲುವುದೂ ಖಾಯಂ. ಆದರೆ ಕುದುರೆಯ ಕಿವಿ ಎತ್ತ ತಿರುಗಿತು, ಬಾಲ ಯಾಕೆ ಬಿಗಿಯಾಯಿತು ಅಂತ ನೋಡಿ, ಇನ್ನೊಂದು ಗಳಿಗೆಗೆ ಏನಾಗುತ್ತದೆ ಎಂದು ಹೇಳುವುದರಲ್ಲಿ ಅರಸೀಕೆರೆ ಸೀಮೆಯಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅಮ್ಮ ಇದನ್ನು ಕೇಳಿದಾಗಲೆಲ್ಲ, "ಹೌದೌದು, ಹೇಳ್ಕೋ. ಕುದುರೆಗಳೇನು ಬಂದು ಸಾಕ್ಷಿ ಹೇಳ್ತಾವಾ" ಅನ್ನುತ್ತಿದ್ದಳು.

ಅಪ್ಪ ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದವರು. ರೈಲಿಳಿದು ಬೇಲೂರು ಹಳೇಬೀಡಿಗೆ ಹೊರಟವರನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸುವುದು, ಸಂತೆಗೆ ಬಂದವರನ್ನು ಮೂಟೆ ಸಮೇತ ಹೇರಿಕೊಂಡು ಹೋಗುವುದು, ಇದೇ ಅವರ ದಿನದ ಕೆಲಸ. ಆಟೋಗಳು ಸ್ಟೇಷನ್ ಮುಂದಿನ ಜಾಗವನ್ನು ಒಂದೊಂದೇ ಗಾಲಿಯಷ್ಟು ಆಕ್ರಮಿಸಿಕೊಂಡು ಬಂದಾಗ, ಅಪ್ಪ ಕಾದು ಕೂರಲಿಲ್ಲ. ಬಂಡಿ ಮಾರಿದರು, ಕುದುರೆ ಮಾರಲಿಲ್ಲ. ಹಾರನಹಳ್ಳಿ ರಸ್ತೆಯಲ್ಲಿ ಅಮ್ಮನ ಕಡೆಯಿಂದ ಬಂದ ತೆಂಗಿನ ತೋಟವಿತ್ತು, ತೋಟದ ಹಿಂದೆ ಗರಿಕೆ ಬೆಳೆದ ಬಯಲಿತ್ತು. ಅಲ್ಲಿ ಕುದುರೆ ಬಿಟ್ಟು, ಗಂಡಸಿ, ಜಾವಗಲ್ ಕಡೆಯ ಮದುವೆ ಮೆರವಣಿಗೆಗಳಿಗೆ ಬಾಡಿಗೆಗೆ ಕೊಡತೊಡಗಿದರು. ಅವರ ಮಂಡಿ ಹಿಡಿದುಕೊಂಡ ಮೇಲೆ ಉಸ್ತುವಾರಿ ನನ್ನ ಕೈಗೆ ಬಂತು. ಆಗ ತೊಂಬತ್ತರ ದಶಕದ ಕೊನೆ.

ನಮ್ಮಲ್ಲಿದ್ದದ್ದು ಮೂರು. ಮೊದಲನೆಯವಳು ಬಿಳಿಯಳು. ವರನನ್ನು ಹೊತ್ತು, ಬ್ಯಾಂಡಿನ ಸದ್ದಿಗೂ ಪಟಾಕಿಗೂ ಕಣ್ಣು ಮಿಟುಕಿಸದೆ ನಡೆಯುತ್ತಿದ್ದ ಹೆಣ್ಣು ಕುದುರೆ. ಬಯಲಿಗೆ ಅವಳೇ ಯಜಮಾನಿ. ಎರಡನೆಯದು ಒಂದು ಕಂದು ಗಂಡು, ಬೀಜ ಒಡೆಸಿದ್ದು, ಯಾರು ಏನಂದರೂ ಹೂಂ ಅನ್ನುವ ಸ್ವಭಾವ. ಮೂರನೆಯದು ಒಂದು ಟಟ್ಟು, ಗಿಡ್ಡ ಜಾತಿಯ ಕುದುರೆ. ಆಳೆತ್ತರ ಇಲ್ಲದಿದ್ದರೂ ತಂಟೆಗೆ ಮೊದಲು ನಿಲ್ಲುವುದು ಅದೇ, ಒದೆ ಬೀಳುವ ಹೊತ್ತಿಗೆ ಬಿಳಿಯಳ ಹಿಂದೆ ಅಡಗಿಕೊಳ್ಳುವುದೂ ಅದೇ.

ಜಟಕಾ ಸ್ಟ್ಯಾಂಡಿನ ಸಾಲಿನಲ್ಲಿ ಅಪ್ಪನ ಬಂಡಿಯ ಹಿಂದೆ ಯಾವಾಗಲೂ ನಿಲ್ಲುತ್ತಿದ್ದವರು ಅಪ್ಪನ ಸ್ನೇಹಿತರೊಬ್ಬರು. ನಾನು ಅವರನ್ನು ಚಿಕ್ಕಪ್ಪ ಅನ್ನುತ್ತಿದ್ದೆ. ಎಲ್ಲರೂ ಜಟಕಾ ಬಿಟ್ಟ ಮೇಲೂ ಅವರು ಬಿಟ್ಟಿರಲಿಲ್ಲ. ಅವರ ಕುದುರೆ ಗೋಧಿ ಬಣ್ಣದ ಹೆಣ್ಣು, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಚಿಕ್ಕಮ್ಮ ತೀರಿಕೊಂಡ ಮೇಲಂತೂ ಅವರು ಮನುಷ್ಯರ ಜೊತೆ ಆಡಿದ ಮಾತಿಗಿಂತ ಅವಳ ಬೆನ್ನಿನ ಜೊತೆ ಆಡಿದ ಮಾತೇ ಜಾಸ್ತಿ. ಕೊನೆಗೆ ಬೇಲೂರಿನಲ್ಲಿದ್ದ ಮಗಳು, "ನಮ್ಮನೆಗೇ ಬಂದ್ಬಿಡಪ್ಪ" ಎಂದು ಪಟ್ಟು ಹಿಡಿದಳು. ಅವರಿಗೂ ಮೊಮ್ಮಕ್ಕಳ ಜೊತೆ ಇರುವ ಆಸೆ. ಆದರೆ ಮಗಳ ಮನೆಯಲ್ಲಿ ಸ್ಕೂಟರ್ ನಿಲ್ಲಿಸುವುದಕ್ಕೇ ಜಾಗವಿಲ್ಲ, ಕುದುರೆ ಎಲ್ಲಿ ಕಟ್ಟುವುದು?

ಕುದುರೆಯನ್ನು ಕೇಳಿಕೊಂಡು ಬಂದವನೊಬ್ಬ ಇದ್ದ. ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬರುವವರ ಮಕ್ಕಳನ್ನು ಕೂರಿಸಿ ರೌಂಡು ಹೊಡೆಸುವವನು. ಕೆಟ್ಟವನೇನಲ್ಲ. ಬೇಲೂರಿನಿಂದ ಹಳೇಬೀಡು ಹತ್ತಿರ, ಚಿಕ್ಕಪ್ಪ ಬೇಕೆಂದಾಗ ಬಸ್ ಹತ್ತಿ ಹೋಗಿ ನೋಡಿಕೊಂಡು ಬರಬಹುದು. ಆದರೆ ಅಲ್ಲಿ ಅವಳಿಗೆ ಮತ್ತೆ ದುಡಿಮೆ, ಬಿಸಿಲು, ಟಾರು. ನಮ್ಮಲ್ಲಾದರೆ ದುಡಿಮೆಯಿಂದ ಪೂರ್ತಿ ಬಿಡುಗಡೆ. ಚಿಕ್ಕಪ್ಪ ಅಪ್ಪನ ಮುಂದೆ ಬಂದು ಕೂತು, ಬೀಡಿ ಹಚ್ಚಿ ಹೇಳಿದರು:

"ನಿನ್ ಬಯಲಲ್ಲಿ ಬಿಡಾದು ನನಗೂ ಆಸೆನೇ ಕಣೋ. ಆದ್ರೆ ನಿನ್ ಕುದುರೆಗಳು ಅವಳನ್ನ ಸೇರಿಸ್ಕಬೇಕಲ್ಲ. ದಿನಾ ಒದೆ ತಿನ್ನೋ ಕಡೆ ನಾನು ಅವಳನ್ನ ಬಿಡಾಕಿಲ್ಲ. ದೀಪಾವಳಿ ಹೊತ್ಗೆ ಹೊಂದ್ಕಂಡ್ರೆ ಸರಿ, ಇಲ್ದಿದ್ರೆ ಹಳೇಬೀಡೇ."

ಅಪ್ಪ ನನ್ನ ಕಡೆ ಕೈ ತೋರಿಸಿದರು. "ಹೊಂದಿಸ್ತೀನಿ ಬಿಡಿ ಚಿಕ್ಕಪ್ಪ" ಅಂದೆ. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವರಿಗೆ ಧೈರ್ಯ ಬರುವ ಬದಲು ಅನುಮಾನವೇ ಬಂದಂತಿತ್ತು.

ಅವಳು ಬಂದ ದಿನ ಚೆನ್ನಾಗಿ ನೆನಪಿದೆ. ಊರಿಂದ ತೋಟದವರೆಗೆ ನಡೆಸಿಕೊಂಡೇ ಬಂದಿದ್ದರು. ಎಲ್ಲರೂ ಹಗ್ಗ ಹಿಡಿದು ಮುಂದೆ ನಡೆದರೆ ಕುದುರೆ ಹಿಂದೆ ಬರುತ್ತದೆ. ಚಿಕ್ಕಪ್ಪನದು ಉಲ್ಟಾ. ಕುದುರೆ ಮುಂದೆ, ಇವರು ಉದ್ದನೆಯ ಹಗ್ಗ ಹಿಡಿದು ಹಿಂದೆ. ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ, "ಹಯ್ ನನ್ನವ್ವ, ಹಯ್" ಅನ್ನುವುದು, ಅವಳು ಹೆಜ್ಜೆ ಹಾಕುವುದು. ಬಂಡಿಯೊಂದು ಇರಲಿಲ್ಲ, ಅಷ್ಟೇ. ಅವಳ ಕಣ್ಣಿನ ಎರಡೂ ಪಕ್ಕಕ್ಕೆ ಚರ್ಮದ ಕಣ್ಣುಪಟ್ಟಿ ಕಟ್ಟಿಯೇ ಇತ್ತು. ಅಮ್ಮ ಅವಳ ಹಣೆಯ ಬಿಳಿ ಚುಕ್ಕೆಯ ಮೇಲೇ ಕುಂಕುಮ ಇಟ್ಟು, "ಬಾರವ್ವ, ಇಲ್ಲಿ ಎಲ್ಲ ಜೋರಿನೋರೇ, ನೀನೂ ಸ್ವಲ್ಪ ಜೋರಾಗಿರು" ಅಂದಳು. ಜೋರಿನವರು ಅಂದಾಗ ಅಮ್ಮ ನೋಡಿದ್ದು ಬಿಳಿಯಳನ್ನಲ್ಲ, ನನ್ನನ್ನು.

ನಾನು ಅವಳ ಕಣ್ಣುಪಟ್ಟಿ ಬಿಚ್ಚಿಟ್ಟೆ, ಆದರೆ ನೇರವಾಗಿ ಬಯಲಿಗೆ ಬಿಡಲಿಲ್ಲ. ಬಯಲಿನ ಒಂದು ಪಕ್ಕಕ್ಕೆ ಬೊಂಬು ಕಟ್ಟಿ ಬೇರೆ ಅಂಗಳ ಮಾಡಿದ್ದೆ. ಆ ಕಡೆ ಮೂವರು, ಈ ಕಡೆ ಇವಳೊಬ್ಬಳು. ಕಾಣಬೇಕು, ಮೂಸಬೇಕು, ಒದೆಯುವುದಕ್ಕೆ ಮಾತ್ರ ಎಟುಕಬಾರದು. ಅಪ್ಪನಿಗೆ ಇದು ಸರಿಬರಲಿಲ್ಲ. "ಸ್ಟ್ಯಾಂಡಲ್ಲಿ ಯಾವ ಬೇಲಿ ಇತ್ತೇ? ಅಕ್ಕಪಕ್ಕ ನಿಲ್ತಿದ್ವು, ಒಂದಿನ ಜಗಳ ಆಡಿದ್ದಿಲ್ಲ" ಅಂದರು. "ಸ್ಟ್ಯಾಂಡಲ್ಲಿ ಅವಕ್ಕೆ ಬಂಡಿ ಕಟ್ಟಿತ್ತಪ್ಪ. ಜಗಳ ಆಡೋಕೆ ಪುರುಸೊತ್ತೆಲ್ಲಿತ್ತು?" ಅಂದೆ. ಅಪ್ಪ ಮೂಗು ಮುರಿದು ಒಳಗೆ ಹೋದರು.

ನನ್ನ ಲೆಕ್ಕ ಸುಲಭದ್ದು. ಬೀದಿ ನಲ್ಲಿಯ ಹತ್ತಿರ ಹೊಸಬಳೊಬ್ಬಳು ಕೊಡ ಹಿಡಿದು ಬಂದರೆ ಏನಾಗುತ್ತದೆ? ಬಂದವಳು ಸುಮ್ಮನೆ ಕೊನೆಯಲ್ಲಿ ಕೊಡ ಇಟ್ಟು, ಯಾರು ಯಾರನ್ನು ಗದರುತ್ತಾರೆ ಅಂತ ನೋಡಿಕೊಂಡು ನಿಂತರೆ, ವಾರ ಕಳೆಯುವುದರೊಳಗೆ ಅವಳಿಗೂ ಒಂದು ಜಾಗವಾಗುತ್ತದೆ. ಬಂದವಳೇ ಮುಂದೆ ನುಗ್ಗಿದರೆ ಕೊಡ ಚರಂಡಿಗೆ. ಕುದುರೆಗಳೂ ಹಾಗೆಯೇ. ಮೊದಲು ಕಿವಿ ಹಿಂದಕ್ಕೆ ಮಲಗಿಸುತ್ತವೆ. ಕೇಳದಿದ್ದರೆ ಕತ್ತು ಚಾಚುತ್ತವೆ. ಅದಕ್ಕೂ ಜಗ್ಗದಿದ್ದರೆ ಬೆನ್ನು ತಿರುಗಿಸಿ ಹಿಂಗಾಲು ಎತ್ತುತ್ತವೆ. ಇಷ್ಟೆಲ್ಲ ಹೇಳಿದ ಮೇಲೇ ಒದೆ. ಹೇಳದೆ ಕೇಳದೆ ಒದೆಯುವ ಕುದುರೆ ತೀರಾ ಅಪರೂಪ, ನಮ್ಮ ಟಟ್ಟುವನ್ನು ಬಿಟ್ಟರೆ.

ಮೊದಲ ಕೆಲವು ದಿನ ಬೊಂಬಿನ ಆಚೀಚೆ ಮೂತಿ ಚಾಚುವುದು, ಕಿರುಚುವುದು, ಮುಂಗಾಲು ಬಡಿಯುವುದು ನಡೆಯಿತು. ಆಮೇಲೆ ಕಿರುಚಾಟ ಬೇಸರವಾಗಿ ಮೇಯತೊಡಗಿದವು. ಆಗ ನಾನು ಕಂದು ಕುದುರೆಯೊಂದನ್ನೇ ಅವಳ ಅಂಗಳಕ್ಕೆ ಬಿಟ್ಟೆ. ಅದು ಒಂದು ಸುತ್ತು ಮೂಸಿ, ತನಗೇನೂ ಅಭ್ಯಂತರವಿಲ್ಲ ಅನ್ನುವಂತೆ ಹುಲ್ಲಿಗೆ ಬಾಯಿ ಹಾಕಿತು. ಹೊಸ ಕುದುರೆಗೆ ಗುಂಪಿನಲ್ಲಿ ಮೊದಲು ಒಬ್ಬ ಸ್ನೇಹಿತ ಬೇಕು. ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲರನ್ನೂ ಒಟ್ಟಿಗೆ ಬಿಡುವ ದಿನ ಚಿಕ್ಕಪ್ಪ ಬಂದಿದ್ದರು. ನಾನು ಬಯಲಿನ ತುದಿಯಲ್ಲಿ ಹುಲ್ಲಿನ ಗುಪ್ಪೆ ಹಾಕುತ್ತಿದ್ದೆ. ಕುದುರೆಗಳಿಗಿಂತ ಗುಪ್ಪೆ ಹೆಚ್ಚಿರಬೇಕು, ದೂರ ದೂರ ಇರಬೇಕು. ಒಂದರಿಂದ ಓಡಿಸಿಕೊಂಡವಳಿಗೆ ಇನ್ನೊಂದು ಸಿಗಬೇಕು. ನಾನು ಕೊನೆಯ ಗುಪ್ಪೆ ಹಾಕಿ ಕೈ ಎತ್ತಿದಾಗ ಅಪ್ಪ ಬೊಂಬಿನ ಗೇಟು ತೆಗೆದರು. ಅವಳು ನಡೆದು ಬಂದಳು. ಬಿಸಿಲು ನನ್ನ ಕಣ್ಣಿಗೇ ಹೊಡೆಯುತ್ತಿದ್ದರಿಂದ ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ.

ಬಿಳಿಯಳು ಪಕ್ಕದಿಂದ ಬಂದು ಕಿವಿ ಮಲಗಿಸಿದಳು. ಹೊಸಬಳು ಲಕ್ಷ್ಯವೇ ಕೊಡದೆ ನೇರ ಅವಳ ಗುಪ್ಪೆಯ ಕಡೆಗೇ ನಡೆದಳು. ಬಿಳಿಯಳು ಕತ್ತು ಚಾಚಿದಳು. ಇವಳು ನಡೆಯುತ್ತಲೇ ಇದ್ದಳು. ಇದೆಂಥ ಉದ್ಧಟತನ, ಇಷ್ಟು ದಿನ ಇಲ್ಲದ್ದು ಇವತ್ತು ಎಲ್ಲಿಂದ ಬಂತು ಅಂದುಕೊಳ್ಳುವಷ್ಟರಲ್ಲಿ ಬಿಳಿಯಳು ತಿರುಗಿ ಎರಡೂ ಹಿಂಗಾಲಿನಿಂದ ಝಾಡಿಸಿದಳು. ಧಪ್ಪೆಂದು ಬಿದ್ದ ಏಟಿಗೆ ಹೊಸಬಳು ಬೆಚ್ಚಿ ಅಡ್ಡಾದಿಡ್ಡಿ ಓಡಿ, ತೆಂಗಿನ ಮರಕ್ಕೆ ಭುಜ ತಾಗಿಸಿಕೊಂಡು ನಿಂತಳು. ತೊಡೆಯ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಹತ್ತಿರ ಓಡಿದಾಗ ನೋಡುತ್ತೇನೆ, ಅವಳ ಕಣ್ಣಿಗೆ ಕಣ್ಣುಪಟ್ಟಿ!

ಚಿಕ್ಕಪ್ಪ ಮತ್ತೆ ಕಟ್ಟಿದ್ದರು. ಸ್ಟೇಷನ್ ಮುಂದೆ ಬಸ್ಸು, ಲಾರಿ, ರೈಲಿನ ಕೂಗು ಯಾವುದಕ್ಕೂ ಅವಳು ಗಾಬರಿಯಾಗದಂತೆ ಕಾಪಾಡಿದ್ದೇ ಆ ಪಟ್ಟಿ. ಹೊಸ ಕುದುರೆಗಳನ್ನು ಕಂಡು ಗಾಬರಿಯಾಗಬಾರದು ಅಂತ ಪ್ರೀತಿಯಿಂದಲೇ ಕಟ್ಟಿದ್ದರು. ಅಪ್ಪನೂ ಪಕ್ಕದಲ್ಲೇ ನಿಂತು ನೋಡಿದ್ದರು, ಬೇಡ ಅಂದಿರಲಿಲ್ಲ. ಜೀವಮಾನವೆಲ್ಲ ಜಟಕಾ ಹೊಡೆದವರಿಗೆ, ಕುದುರೆ ಹೊರಗೆ ಹೊರಟಿತೆಂದರೆ ಪಟ್ಟಿ ಕಟ್ಟುವುದು ನಾವು ಚಪ್ಪಲಿ ಮೆಟ್ಟಿದಷ್ಟು ಸಹಜ.

"ನೋಡಿದ್ಯಾ ನಿನ್ ಬಿಳಿ ರಾಕ್ಷಸೀನ!" ಚಿಕ್ಕಪ್ಪ ಕೂಗಾಡಿದರು. "ಸಾಕು. ನಾನೇ ಹೋಗಿ ಹಳೇಬೀಡಿನೋನಿಗೆ ಹೇಳ್ಬಿಟ್ಟು ಬತ್ತೀನಿ. ಅಲ್ಲಿ ದುಡಿದ್ರೂ ಒದೆಯೋರಿಲ್ಲ."

ನನಗೆ ಮೈ ಉರಿದುಹೋಯಿತು. ದೊಡ್ಡವರು ಅಂತಲೂ ನೋಡಲಿಲ್ಲ.

"ರಾಕ್ಷಸಿ ಅಲ್ಲ ಚಿಕ್ಕಪ್ಪ ಅವಳು! ಎರಡು ಸಲ ಹೇಳಿದ್ಲು, ಕಿವಿಯಲ್ಲಿ ಒಂದ್ಸಲ, ಕತ್ತಿನಲ್ಲಿ ಒಂದ್ಸಲ. ಇವಳಿಗೆ ಕಂಡಿದ್ರೆ ತಾನೆ? ಕಣ್ಣಿಗೆ ಬಾಗಿಲು ಹಾಕಿ ಕಳಿಸಿದ್ದೀರಿ! ರಸ್ತೇಲಿ ನೋಡದೆ ಇರೋದೇ ಒಳ್ಳೇದು, ನಿಜ. ಇಲ್ಲಿ ನೋಡದಿದ್ರೆ ಸಾಯ್ತಾಳೆ. ಆ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಡಿ. ನಾನು ಹೇಳಿ ಕಳಿಸೋ ತನಕ ನೀವು ಈ ಕಡೆ ಬರಲೇಬೇಡಿ."

ಅವರ ಮುಖ ಇಷ್ಟೇ ಇಷ್ಟಾಯಿತು. ತಮ್ಮ ಕುದುರೆಯನ್ನು ನೋಡಲು ಬರಬೇಡಿ ಎಂದು ಅವರಿಗೆ ಹೇಳಿದವಳು ನಾನೇ ಮೊದಲು. ಅವರು ಅಪ್ಪನ ಕಡೆ ನೋಡಿದರು. ಅಪ್ಪ, "ಅವಳು ಹೇಳ್ದಂಗೆ ಕೇಳು ಕಣೋ. ದೀಪಾವಳಿಗೆ ಇನ್ನೂ ಟೈಮೈತೆ" ಅಂದರು. ಚಿಕ್ಕಪ್ಪ ಪಟ್ಟಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಹೊರಟುಹೋದರು. ಅವರ ಬೆನ್ನು ನೋಡುವಾಗ ನನಗೆ ಪಾಪ ಅನಿಸಿತು, ಕರೆಯಬೇಕೆಂದೂ ಅನಿಸಿತು. ಕರೆಯಲಿಲ್ಲ. ಅವರು ಇದ್ದಷ್ಟು ಹೊತ್ತೂ ಅವಳ ಒಂದು ಕಿವಿ ಅವರ ಕಡೆಗೇ ಇರುತ್ತಿತ್ತು. ಉಳಿದ ಒಂದೇ ಕಿವಿಯಲ್ಲಿ ಅವಳು ಮೂರು ಕುದುರೆಗಳನ್ನು ಅರ್ಥ ಮಾಡಿಕೊಳ್ಳಬೇಕಿತ್ತು.

ಗಾಯಕ್ಕೆ ಅರಿಶಿನ, ಬೇವಿನೆಣ್ಣೆ ಹಚ್ಚಿ, ಒಣಗುವ ತನಕ ಕಂದು ಕುದುರೆಯ ಜೊತೆಗೇ ಇಟ್ಟೆ. ಆಮೇಲೆ ಮತ್ತೆ ಗೇಟು ತೆಗೆದೆ. ಈ ಸಲ ಕಣ್ಣು ಬಯಲಾಗಿತ್ತು. ಅವಳು ಹೊಸಿಲಿನಲ್ಲೇ ನಿಂತಳು. ತಲೆಯನ್ನು ಈ ಕಡೆಗೂ ಆ ಕಡೆಗೂ ತಿರುಗಿಸಿದಳು. ಬಿಳಿಯಳು ಕಿವಿ ಮಲಗಿಸಿದಳು, ಇವಳು ತಕ್ಷಣ ತಲೆ ತಗ್ಗಿಸಿ ದಾರಿ ಬಿಟ್ಟಳು. ಅಷ್ಟೇ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಬಿಳಿಯಳು ಅಷ್ಟಕ್ಕೇ ಬಿಡಲಿಲ್ಲ ಅನ್ನಿ. ಒಂದು ಗುಪ್ಪೆಯಿಂದ ಅಟ್ಟಿದಳು, ಇನ್ನೊಂದರಿಂದ ಅಟ್ಟಿದಳು, ನೀರಿನ ತೊಟ್ಟಿಯ ಹತ್ತಿರ ಸೇರಿಸಲಿಲ್ಲ. ಅಮ್ಮನಿಗೆ ಸಂಕಟ. "ಪಾಪ ಕಣೇ, ನೀನಾದ್ರೂ ಹೋಗಿ ಬಿಡಿಸು" ಅಂದಳು. ನಾನು ಕದಲಲಿಲ್ಲ. ಮನುಷ್ಯರು ನಡುವೆ ಹೋಗಿ ಒಬ್ಬರ ಪರ ನಿಂತರೆ, ಅವರು ಆಚೆ ಹೋದ ಮೇಲೆ ಅದರ ಬಡ್ಡಿ ಸಮೇತ ಏಟು ಬೀಳುವುದು ಆ ಒಬ್ಬರಿಗೇ. ನಾನು ಮಾಡಿದ್ದು ಇಷ್ಟೇ: ಬಯಲಿನ ಆ ತುದಿಗೆ ಇನ್ನೊಂದು ತೊಟ್ಟಿ ಇಡಿಸಿದೆ, ಮೂಲೆಯಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳದಂತೆ ತೆಂಗಿನ ಮಟ್ಟೆಯ ರಾಶಿ ಒಟ್ಟಿ ಮೂಲೆಯನ್ನೇ ಮುಚ್ಚಿದೆ. ಟಟ್ಟು ಈ ಗಲಾಟೆಯಲ್ಲಿ ತನಗೊಂದು ಬಡ್ತಿ ಸಿಕ್ಕಿತೆಂದು ಹೊಸಬಳನ್ನು ಅಟ್ಟಲು ಹೋಯಿತು. ಅವಳು ತಿರುಗಿ ಕಿವಿ ಮಲಗಿಸಿದಳು. ಟಟ್ಟು ಏನೋ ನೆನಪಾದಂತೆ ಬೇರೆ ಕಡೆ ಹೋಯಿತು. ಅವತ್ತು ಅವಳಿಗೆ ಆ ಬಯಲಿನಲ್ಲಿ ಒಂದು ಸ್ಥಾನ ಸಿಕ್ಕಿತು, ಬಿಳಿಯಳ ಕೆಳಗೆ, ಟಟ್ಟುವಿನ ಮೇಲೆ.

ಆಮೇಲೆ ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದರೆ, ಹೊಸಬಳು ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದಾಳೆ. ಸತ್ತಳೇ ಅಂದುಕೊಂಡು ಓಡಿದೆ. ಹತ್ತಿರ ಹೋದರೆ ಗೊರಕೆ! ಪಕ್ಕದಲ್ಲಿ ಬಿಳಿಯಳು ಕಾವಲು ನಿಂತು ಬಾಲದಿಂದ ನೊಣ ಓಡಿಸುತ್ತಿದ್ದಾಳೆ, ಇವಳ ಮೈಮೇಲಿನದನ್ನೂ ಸೇರಿಸಿ. ಕುದುರೆ ನಂಬಿಕೆಯಿಲ್ಲದ ಕಡೆ ಹಾಗೆ ಮಲಗುವುದಿಲ್ಲ. ನಿಂತೇ ತೂಕಡಿಸುತ್ತದೆ. ಸ್ಟೇಷನ್ ಮುಂದೆ ಅವಳು ಎಷ್ಟು ವರ್ಷ ನಿಂತೇ ತೂಕಡಿಸಿದ್ದಳೋ. ನಾನು ಅಲ್ಲೇ ಕೂತು ಮುದ್ದೆ ತಿಂದೆ. ನನಗೆ ಅಳು ಬಂತು, ಸಂತೋಷಕ್ಕೆ. ಸಂಜೆಯೇ ಚಿಕ್ಕಪ್ಪನಿಗೆ ಹೇಳಿ ಕಳಿಸಿದೆ.

ಮಾರನೆಯ ದಿನ ಬೆಳಿಗ್ಗೆಯೇ ಬಂದರು. ಶುಭ್ರವಾಗಿ ಒಗೆದ ಪಂಚೆ, ಕ್ಷೌರ ಮಾಡಿಸಿಕೊಂಡ ಮುಖ. ನಾಲ್ಕು ಕುದುರೆಗಳೂ ಹತ್ತಿರದಲ್ಲೇ ಮೇಯುತ್ತಿದ್ದವು. ಚಿಕ್ಕಪ್ಪ ಬೇಲಿ ಹಿಡಿದು ನಿಂತು, ಲೊಚ್ ಲೊಚ್ ಎಂದು ನಾಲಿಗೆ ಸದ್ದು ಮಾಡಿ, "ಹಯ್ ನನ್ನವ್ವ, ಹಯ್!" ಎಂದು ಕರೆದರು.

ಅವಳು ತಲೆ ಎತ್ತಿದಳು. ಕಿವಿ ನೆಟ್ಟಗಾಯಿತು. ತಟ್ಟನೆ ಹೆಜ್ಜೆ ಎತ್ತಿ ಅವರಿಂದ ದೂರಕ್ಕೆ, ಬಯಲಿನ ಆಚೆ ತುದಿಗೆ ನಡೆದುಬಿಟ್ಟಳು.

ಚಿಕ್ಕಪ್ಪ ಇನ್ನೂ ಗಟ್ಟಿಯಾಗಿ ಕೂಗಿದರು. ಅವಳು ಓಟಕ್ಕಿಟ್ಟಳು. ಏನೋ ಅಪಾಯ ಇರಬೇಕೆಂದು ಉಳಿದ ಮೂರೂ ಅವಳ ಹಿಂದೆ ಓಡಿದವು. ಬಯಲಿನ ಆ ತುದಿಯಲ್ಲಿ ನಾಲ್ಕು ಬಾಲ ಕಾಣುತ್ತಿದ್ದವು.

"ಮರ್ತ್ಬಿಟ್ಲು" ಅಂದರು ಚಿಕ್ಕಪ್ಪ. ಬೇಲಿ ನುಸುಳಿ ಬಯಲಿನೊಳಗಿದ್ದ ಮೋಟಾರ್ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು. "ಕ್ವಾಪ ಮಾಡ್ಕಂಡವ್ಳೆ. ಬಿಟ್ಟೋದೆ ಅಂತ." ಟವೆಲಿನಿಂದ ಮುಖ ಒರೆಸಿಕೊಂಡರು. "ಇಲ್ಲ ಮಗ, ಹಳೇಬೀಡೇ ಸರಿ. ದಿನಾ ಹೋಗಿ ಮುಖ ತೋರಿಸ್ತೀನಿ. ನನ್ನ ಮರೆಯೋದೊಂದು ಬ್ಯಾಡ."

ನನಗೆ ಒಂದು ಕ್ಷಣ ಭಯವೇ ಆಯಿತು. ಇಷ್ಟೆಲ್ಲ ಮಾಡಿ, ನೆಲದ ಮೇಲೆ ಗೊರಕೆ ಹೊಡೆಯುವಷ್ಟು ನೆಮ್ಮದಿ ಕಂಡವಳನ್ನು ಮತ್ತೆ ಟಾರಿನ ಮೇಲೆ ನಿಲ್ಲಿಸುವುದೇ? ನಾನು ಆ ತುದಿಯಲ್ಲಿ ನಿಂತಿದ್ದ ಅವಳನ್ನೇ ನೋಡಿದೆ. ಬಾಲ ಸಡಿಲವಾಗಿತ್ತು, ಕೋಪದ ಕುದುರೆಯ ಬಾಲ ಹಾಗಿರುವುದಿಲ್ಲ. ಅವಳ ಎರಡೂ ಕಿವಿ ಹಿಂದಕ್ಕೆ, ಚಿಕ್ಕಪ್ಪನ ಕಡೆಗೆ ತಿರುಗಿದ್ದವು, ಆದರೆ ಮಲಗಿರಲಿಲ್ಲ. ಮುಂದಿನ ಮಾತಿಗೆ ಕಾಯುತ್ತಿದ್ದಳು. ಕೆಲಸದ ಕುದುರೆಯ ಕಿವಿ ಅದು! ನನಗೆ ನಗು ತಡೆಯಲಾಗಲಿಲ್ಲ.

"ನಗ್ತೀಯಾ?" ಅಂದರು ಚಿಕ್ಕಪ್ಪ.

"ಚಿಕ್ಕಪ್ಪ, ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಅವಳನ್ನ ನಿಮ್ಮ ಹತ್ರಕ್ಕೆ ಕರೆದಿದ್ದೀರಾ?"

"ಯಾಕ್ ಕರೀಲಿ? ಲಾಯದಲ್ಲಿ ಕಟ್ಟಿರ್ತಿದ್ಲು, ಇಲ್ದಿದ್ರೆ ಬಂಡೀಲಿ ಇರ್ತಿದ್ಲು. ನಾನೇ ಹೋಗ್ತಿದ್ದೆ."

"ಮತ್ತೆ ಹಯ್ ಅಂದ್ರೆ ಅವಳು ಏನು ಮಾಡ್ಬೇಕು?"

"ಮುಂದಕ್ ಹೋಗ್ಬೇಕು" ಅಂದರು ಚಿಕ್ಕಪ್ಪ. ಅಪ್ಪ ಹಣೆ ಚಚ್ಚಿಕೊಂಡು ನಗತೊಡಗಿದರು. "ಅಯ್ಯೋ ನಮ್ ಬುದ್ಧಿಗಿಷ್ಟು! ಹೋಗು ಅಂತ ಕೂಗಿ, ಹೋದ್ಲು ಅಂತ ಅಳ್ತಾ ಕೂತಿದ್ದೀಯಲ್ಲೋ!"

"ಅವಳು ಮರೆತಿಲ್ಲ, ನೀವು ಹೇಳಿದ್ದನ್ನೇ ಮಾಡಿದ್ದಾಳೆ. ಅದೂ ನಿಮ್ಮ ಕೈಯಲ್ಲಿ ಲಗಾಮಿಲ್ಲದೆ. ಇನ್ನೇನು ಬೇಕು ನಿಮಗೆ? ಈಗ ಏನೂ ಅನ್ನದೆ ಕೂತಿರಿ" ಅಂದೆ.

ಚಿಕ್ಕಪ್ಪ ಕೂತರು. ಸುಮ್ಮನಿರುವುದು ಅವರಿಗೆ ಎಂಥ ಕಷ್ಟದ ಕೆಲಸ ಎಂದು ಅವತ್ತು ನೋಡಿದೆ. ನಾಲಿಗೆ ತುದಿಗೆ ಬಂದ ಲೊಚ್ಚನ್ನು ನುಂಗಿಕೊಂಡು, ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದರು. ಕುದುರೆಗಳು ಮೇಯುತ್ತ ಮೇಯುತ್ತ ಹತ್ತಿರ ಬಂದವು. ಬಿಳಿಯಳು ಒಮ್ಮೆ ಅವರನ್ನು ದಿಟ್ಟಿಸಿ, ಇವರಿಂದ ಆಗುವಂಥದ್ದೇನೂ ಇಲ್ಲ ಎಂದು ತೀರ್ಮಾನಿಸಿ ಮುಂದೆ ಹೋದಳು. ಹೊಸಬಳು ಮಾತ್ರ ಗುಂಪಿನಿಂದ ಬಿಡಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಮೋಟಾರ್ ಮನೆಯವರೆಗೂ ಬಂದಳು. ಅವರ ಟವೆಲು ಮೂಸಿದಳು, ತೋಳು ಮೂಸಿದಳು, ಅವರ ಮುಖವನ್ನು ಕಣ್ಣುಪಟ್ಟಿಯಿಲ್ಲದ ಕಣ್ಣಿನಲ್ಲಿ ನೋಡಿದಳು.

ಆಮೇಲೆ ಅವಳು ನಿಧಾನವಾಗಿ ತಿರುಗಿ, ಹಿಂದೆ ಹಿಂದೆ ಒಂದು ಹೆಜ್ಜೆ ಇಟ್ಟು, ಅವರ ಮುಂದೆ ಬೆನ್ನು ಹಾಕಿ ನೆಟ್ಟಗೆ ನಿಂತಳು. ಬಾಲ ಅವರ ಮಂಡಿಗೆ ತಾಗುತ್ತಿತ್ತು. ಕಿವಿಗಳು ಹಿಂದಕ್ಕೆ ತಿರುಗಿ ಕಾಯುತ್ತಿದ್ದವು.

"ನೋಡ್ಲಾ" ಅಂದರು ಚಿಕ್ಕಪ್ಪ, ಅಪ್ಪನಿಗೆ. "ಇಷ್ಟು ವರ್ಷ ನಾನು ದಿನಾ ನೋಡಿದ್ದು ಇದೇ ಬೆನ್ನು ಕಣ್ಲಾ."

ಅವರ ಎರಡೂ ಕೈ ಮೇಲೆದ್ದು, ಲಗಾಮು ಇರಬೇಕಾದ ಜಾಗಕ್ಕೆ ಹೋಗಿ ನಿಂತವು. ಅಲ್ಲೇನೂ ಇರಲಿಲ್ಲ. ಅವರು ಕೈ ಇಳಿಸಿ, ಅವಳ ತೊಡೆಯ ಮೇಲೆ ಮಾಯುತ್ತಿದ್ದ ಗಾಯದ ಪಕ್ಕ ಅಂಗೈ ಊರಿದರು.

"ಎಲ್ಲಿಗೂ ಹೋಗಾದು ಬ್ಯಾಡ ಕಣವ್ವ" ಅಂದರು. "ನಿಂತ್ಕ."